‘ಅಹಂ’ ಇಳಿಯಬೇಕೋ, ಬಲಿಯಬೇಕೋ?

ಪ್ರಶ್ನೆ: ವ್ಯಕ್ತಿತ್ವ ರೂಪುಗೊಳ್ಳುವ ಬಗ್ಗೆ ಮನೋವಿಜ್ಞಾನಿಗಳಾದ ಫ್ರಾಯ್ಡ್, ಎರಿಕ್ಸನ್, ರೋಜರ್ಸ್ ಹೇಳಿದ್ದನ್ನು ಹೋಲಿಸುವ ಪಾಠದ ಕರಡಿದು. ಈಗೋ, ಐಡೆಂಟಿಟಿ, ಸೆಲ್ಫ್ ಮೂರಕ್ಕೂ ‘ಅಹಂ’ ಎಂದೇ ಬಿದ್ದಿದೆ. ‘ಅಹಂ ದುರ್ಬಲವಾದರೆ ಆತಂಕ ಹೆಚ್ಚುತ್ತದೆ’ ಎಂದರೆ ಓದುಗರಿಗೆ ಗೊಂದಲ. ಅಹಂ ಇಳಿದರೆ ಒಳ್ಳೆಯದೇ ಅಲ್ಲವೇ? ಬೇರೆ ಪದಗಳು ಬೇಕು.

ಉತ್ತರ: ಫ್ರಾಯ್ಡ್‌ಗೆ ‘ಅಹಂ’ ಇರಲಿ. 1923ರ ಜರ್ಮನ್ ಪುಸ್ತಕದಲ್ಲಿ ಆತ ಬರೆದದ್ದು ‘ಇಷ್’, ಬರಿಯ ‘ನಾನು’. ಈಗೋ ಎಂಬ ಲ್ಯಾಟಿನ್ ವೇಷ ತೊಡಿಸಿದ್ದು ಇಂಗ್ಲಿಷ್ ಅನುವಾದ. ಸಂಸ್ಕೃತದ ಅಹಂ ಎಂದರೂ ‘ನಾನು’ ಎಂದೇ, ಹಾಗಾಗಿ ನಮ್ಮ ಪದವೇ ಮೂಲಕ್ಕೆ ಹತ್ತಿರ. ಕೆಡಿಸುವುದು ‘ಅವನಿಗೆ ಅಹಂ ಜಾಸ್ತಿ’ ಎಂಬ ಆಡುಮಾತು. ಮೊದಲ ಸಲ ಬಂದಲ್ಲೇ ‘ಇಡ್‌ನ ಬಯಕೆ, ಸೂಪರ್‌ಈಗೋದ ಕಟ್ಟುಪಾಡು, ಹೊರಗಿನ ವಾಸ್ತವ ಮೂರನ್ನೂ ತೂಗಿಸುವ ಭಾಗ’ ಎಂದು ಬಿಡಿಸಿ ಬರೆಯಿರಿ. ಆಮೇಲೆ ‘ಅಹಂ ದುರ್ಬಲವಾದರೆ’ ಬದಲು ‘ಅಹಂಗೆ ತೂಗಿಸಲಾಗದಿದ್ದರೆ’ ಎನ್ನಿ. ‘ಅಹಂಕಾರ’ವಂತೂ ಬೇಡವೇ ಬೇಡ.

ಎರಿಕ್ಸನ್‌ನದು ಎಂಟು ಹಂತ. ಐದನೆಯದಾದ ಹದಿಹರೆಯದಲ್ಲಿ ಐಡೆಂಟಿಟಿಯ ಬಿಕ್ಕಟ್ಟು. ‘ಗುರುತು’ ಎಂದರೆ ಗುರುತಿನ ಚೀಟಿ ನೆನಪಾಗುತ್ತದೆ. ‘ಅನನ್ಯತೆ’ ಇತರರಿಗಿಂತ ಬೇರೆ ಎನ್ನುವುದಕ್ಕೆ ಒತ್ತು ಕೊಡುತ್ತದೆ, ಆತನ ಒತ್ತು ಇರುವುದು ನಿನ್ನೆಯ ನಾನೇ ಇಂದಿನ ನಾನು, ಸುತ್ತಲಿನವರೂ ನನ್ನನ್ನು ಹಾಗೆಯೇ ಕಾಣುತ್ತಾರೆ ಎಂಬ ಭರವಸೆಯ ಮೇಲೆ. ‘ಅಸ್ಮಿತೆ’ ಸರಿಹೊಂದುತ್ತದೆ. ಪತಂಜಲಿ ಅದನ್ನು ಐದು ಕ್ಲೇಶಗಳಲ್ಲಿ, ಅಂದರೆ ದುಃಖಕ್ಕೆ ಕಾರಣವಾಗುವ ದೋಷಗಳಲ್ಲಿ, ಎಣಿಸಿದ್ದರಿಂದ ಯೋಗ ಓದಿದವರು ತುಸು ಎಡವಬಹುದು. ಆದರೆ ‘ಭಾಷಾ ಅಸ್ಮಿತೆ’ ಎನ್ನುವ ಪತ್ರಿಕಾಭಾಷೆ ಆ ಮುಳ್ಳನ್ನು ಸಾಕಷ್ಟು ಸವೆಸಿದೆ.

ರೋಜರ್ಸ್‌ನ ಸೆಲ್ಫ್‌ಗೆ ‘ಆತ್ಮ’ ಎಂದರೆ ವೇದಾಂತ ಒಳನುಗ್ಗುತ್ತದೆ. ‘ಸ್ವ’ ಒಂಟಿಯಾಗಿ ನಿಲ್ಲದು, ‘ಸ್ವವನ್ನು’ ಎಂದು ವಿಭಕ್ತಿ ಹಚ್ಚಿದರೆ ನಾಲಗೆ ತಡವರಿಸುತ್ತದೆ. ‘ತನ್ನ ಬಗೆಗಿನ ಕಲ್ಪನೆ’ ಉದ್ದವಾದರೂ ವಾಸಿ: ಈ ಕಲ್ಪನೆಗೂ ನಿಜವಾದ ಅನುಭವಕ್ಕೂ ತಾಳೆಯಾಗದಿದ್ದಾಗ ಆತಂಕ ಹುಟ್ಟುತ್ತದೆ ಎಂಬ ಆತನ ವಾದವನ್ನು ಸಲೀಸಾಗಿ ಹೇಳಬಹುದು.

ಇನ್ನೊಂದು ಸೇರ್ಪಡೆ: ಪಾಠಕ್ಕೆ ಇನ್ನೊಬ್ಬ ಮನೋವಿಜ್ಞಾನಿ ಆಡ್ಲರ್ ಸೇರಿದರೆ ‘ಕೀಳರಿಮೆ’ ಎಂಬ ಬಳಕೆಯ ಪದ ಸಿದ್ಧವಾಗಿದೆ. ಆದರೂ ಎಚ್ಚರ. ಆಡ್ಲರ್ ಪ್ರಕಾರ, ಪ್ರತಿ ಮಗುವಿಗೂ ಇರುವ, ಮುಂದೆ ಬರಲು ತಳ್ಳುವ ಭಾವನೆ ಬೇರೆ. ಅದನ್ನು ಮೀರಲಾಗದೆ ಸಿಕ್ಕಿಕೊಳ್ಳುವುದು ಬೇರೆ. ಕನ್ನಡದಲ್ಲಿ ಕೀಳರಿಮೆ ಎಂದರೆ ಎರಡನೆಯದೇ ಹೊಳೆಯುತ್ತದೆ. ಮೊದಲನೆಯದಕ್ಕೆ ‘ಕೊರತೆಯ ಭಾವನೆ’ ಎಂದು ಬೇರೆಯೇ ಬರೆಯಿರಿ.