‘ನಿರ್ಜನ ದ್ವೀಪ’ ಸರಿಯೇ? ಮೊಲೊಕಿನಿ ನೆಪದಲ್ಲಿ ಒಂದು ಪ್ರಶ್ನೆ

ಹವಾಯಿಯ ಮೊಲೊಕಿನಿ ದ್ವೀಪದ ಬಗ್ಗೆ ಬರೆಯುತ್ತಿದ್ದೇನೆ. ಒಂದೆರಡು ಪದಗಳ ಹತ್ತಿರ ಬರಹ ನಿಂತುಬಿಟ್ಟಿದೆ. ಬಲ್ಲವರು ಹೇಳಬೇಕು.

ಮಾವಿ ಮತ್ತು ಕಹೊಲವೆ ದ್ವೀಪಗಳ ನಡುವೆ ಇರುವ ಪುಟ್ಟ ಜಾಗ ಇದು, ಸುಮಾರು 23 ಎಕರೆ. ಹಳೆಯ ಜ್ವಾಲಾಮುಖಿಯ ಕುಳಿ ಉತ್ತರದ ಕಡೆ ನೀರಲ್ಲಿ ಮುಳುಗಿದೆ. ಉಳಿದ ಅಂಚು ಅರ್ಧಚಂದ್ರದ ಹಾಗೆ ಮೇಲೆ ಕಾಣುತ್ತದೆ. ಅಲ್ಲಿ ಮನೆಯಿಲ್ಲ, ವಾಸವಿಲ್ಲ.

ಇದನ್ನು ‘ನಿರ್ಜನ’ ಎನ್ನಬಹುದೇ? ನಿಘಂಟಿನ ಪ್ರಕಾರ ಸರಿ. ಆದರೆ ‘ನಿರ್ಜನ ರಸ್ತೆ’ ಎಂದಾಗ ಈ ಹೊತ್ತಿಗೆ ಅಲ್ಲಿ ಯಾರೂ ಇಲ್ಲ ಅಂತ ತಾನೇ ಅರ್ಥ? ಬೆಳಗಾದರೆ ಅದೇ ರಸ್ತೆ ತುಂಬಬಹುದು. ಮೊಲೊಕಿನಿಯದು ತಿರುಗಾಮುರುಗಾ. ಕುಳಿಯೊಳಗಿನ ನೀರಿಗೆ ಹವಳ, ಮೀನು ನೋಡಲು ದೋಣಿ ತುಂಬ ಜನ ಬರುತ್ತಾರೆ, ನೆಲದ ಮೇಲೆ ಮಾತ್ರ ಅನುಮತಿಯಿಲ್ಲದೆ ಯಾರೂ ಇಳಿಯುವಂತಿಲ್ಲ. ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ಅಲ್ಲಿ ಬಿಲದಲ್ಲಿ ಮೊಟ್ಟೆಯಿಡುತ್ತವೆ. ಮೇಲೆ ಹೆಜ್ಜೆ ಇಟ್ಟರೆ ಬಿಲ ಕುಸಿದು ಮರಿ ಒಳಗೇ ಸಾಯಬಹುದು.

‘ಪಾಳು’ ಎಂದರೆ ಹಿಂದೆ ಊರಿತ್ತು ಅನ್ನಿಸುತ್ತದೆ, ಹಾಗಾಗಿ ಬೇಡ. ಜನವಸತಿ ಇಲ್ಲದ ಹಳ್ಳಿಗೆ ಕಂದಾಯ ಇಲಾಖೆ ಬಳಸುವ ‘ಬೇಚರಾಕ್’ ನೆನಪಾಯಿತು. ಚೆಂದದ ಪದ. ಆದರೆ ಅದರ ಮೂಲ ಅರ್ಥ ‘ದೀಪವಿಲ್ಲದ’. ಮೊಲೊಕಿನಿಯಲ್ಲಿ ಹಡಗುಗಳಿಗೆ ದಾರಿ ತೋರುವ ದೀಪ ಇದೆಯಲ್ಲ! ನನ್ನ ಒಲವು ‘ಜನವಸತಿ ಇಲ್ಲದ’ ಕಡೆಗೆ. ಉದ್ದವಾದರೂ ಸುಳ್ಳಾಡುವುದಿಲ್ಲ.

ಇನ್ನೊಂದು ಪದ ‘ಸಾಗರ ಉದ್ಯಾನ’. 1977ರಿಂದ ಮೊಲೊಕಿನಿ ಕಡಲಜೀವಿಗಳ ಸಂರಕ್ಷಿತ ತಾಣ. ಒಳಗಿನ ಕೊಲ್ಲಿಯಲ್ಲಿ ಮೀನು ಹಿಡಿಯುವಂತಿಲ್ಲ. ಲಂಗರು ಬಿದ್ದು ಹವಳ ಮುರಿಯಬಾರದೆಂದು ಪ್ರವಾಸಿ ದೋಣಿಗಳನ್ನು ಕಡಲತಳಕ್ಕೆ ಬಿಗಿದಿಟ್ಟ ಕಾಯಂ ಹಗ್ಗಗಳಿಗೇ ಕಟ್ಟುತ್ತಾರೆ. ‘ಉದ್ಯಾನ’ ಎಂದರೆ ಈ ಕಟ್ಟುನಿಟ್ಟು ಕಾಣಿಸುವುದೇ ಇಲ್ಲ. ‘ಕಾಯ್ದಿಟ್ಟ ಅರಣ್ಯ’ ಎಲ್ಲರಿಗೂ ಗೊತ್ತು. ಅದೇ ಜಾಡಿನಲ್ಲಿ ‘ಕಾಯ್ದಿಟ್ಟ ಕಡಲು’ ಅಂದರೆ ಒಪ್ಪುತ್ತೀರಾ?

‘ಜ್ವಾಲಾಮುಖಿ’, ‘ಕುಳಿ’ ಇವುಗಳಲ್ಲಿ ನನಗೆ ತಕರಾರಿಲ್ಲ. ಆದರೆ ಲಾವಾ ಕಡಲ ನೀರಿಗೆ ತಾಗಿ ಸಿಡಿದು, ಆ ಬೂದಿಯೇ ಗಟ್ಟಿಯಾಗಿ ಆದ ಕಲ್ಲಿಗೆ ಏನನ್ನಬೇಕು? ಸದ್ಯಕ್ಕೆ ‘ಬೂದಿಗಲ್ಲು’ ಎಂದು ಬರೆದುಕೊಂಡಿದ್ದೇನೆ. ಭೂವಿಜ್ಞಾನ ಪಾಠ ಮಾಡುವವರು ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.