ಸಹಾಯ ಬೇಕು: ದ್ವೇಷದ ಸೈಟಿಗೆ ನಮ್ಮ ಜಾಹೀರಾತಿನ ದುಡ್ಡು ಹೋಗೋದನ್ನ ತಡೆಯೋದು ಹೇಗೆ?

ದ್ವೇಷ ಹರಡುವ ಒಂದು ಸೈಟಿನ ಡೊಮೇನನ್ನು ಎಕ್ಸ್‌ಕ್ಲೂಷನ್ ಪಟ್ಟಿಗೆ (ನಮ್ಮ ಜಾಹೀರಾತು ಬೇಡದ ಸೈಟುಗಳ ಪಟ್ಟಿ) ಹಾಕಿದ ಮೇಲೂ ಜಾಹೀರಾತು ಅಲ್ಲೇ ಕಾಣಿಸ್ತಿದೆ. ಅದರ ಆ್ಯಡ್ಸ್.ಟಿಎಕ್ಸ್‌ಟಿ (ಸೈಟಿನ ಜಾಹೀರಾತು ಜಾಗವನ್ನ ಯಾರು ಮಾರಬಹುದು ಅಂತ ಹೇಳೋ ಫೈಲು) ತೆರೆದರೆ ‘ಡೈರೆಕ್ಟ್’ (ಸೈಟಿನವರದೇ ಖಾತೆ) ಸಾಲು ಎರಡೇ, ಮಿಕ್ಕಿದ್ದೆಲ್ಲ ‘ರೀಸೆಲ್ಲರ್’ (ಮಧ್ಯವರ್ತಿ). ಆ ಎರಡರಲ್ಲಿ ಒಂದರ ಸೆಲ್ಲರ್ ಐಡಿ (ಜಾಹೀರಾತು ಜಾಗ ಮಾರುವವರ ಖಾತೆ ಸಂಖ್ಯೆ), ಸಂಬಂಧವೇ ಇಲ್ಲದ ಅಡುಗೆ ಸೈಟಿನ ಫೈಲಿನಲ್ಲೂ ಇದೆ! ಅಂದರೆ ಆ ಐಡಿಯ ಗಳಿಕೆಯೆಲ್ಲ ಒಂದೇ ಖಾತೆಗೆ. ಹಾಗಾಗಿ ಡೊಮೇನ್ ತಡೆದರೆ ಸಾಲದು, ಸೆಲ್ಲರ್ ಐಡಿಯನ್ನೇ ತಡೀಬೇಕು. ಸೆಲ್ಲರ್ಸ್.ಜೇಸನ್‌ನಲ್ಲಿ (ಯಾವ ಐಡಿ ಯಾರದು ಅಂತ ಜಾಹೀರಾತು ಮಾರುಕಟ್ಟೆಯವರು ಪ್ರಕಟಿಸೋ ಫೈಲು) ಹುಡುಕಿದರೆ ‘ಕಾನ್ಫಿಡೆನ್ಷಿಯಲ್: 1’, ಹೆಸರಿಲ್ಲ. (ಪಾರದರ್ಶಕತೆಗೆ ಮಾಡಿದ ಫೈಲಿನಲ್ಲೇ ಮುಸುಕು ಹಾಕಿಕೊಳ್ಳೋಕೆ ಅವಕಾಶ.)

ಡಿಎಸ್‌ಪಿ (ಜಾಹೀರಾತು ಜಾಗ ಕೊಳ್ಳೋ ವೇದಿಕೆ) ಲಾಗಿನಿಂದ ಸಪ್ಲೈ ಚೈನಿನ (ಆ ಜಾಗ ಯಾರ್ಯಾರ ಕೈ ದಾಟಿ ಬಂತು ಅನ್ನೋ ದಾಖಲೆ) ಎಸ್‌ಐಡಿ, ಅಂದರೆ ಸೆಲ್ಲರ್ ಐಡಿ, ಹೊರತೆಗೆದು, ಬಿಡ್‌ಗೆ (ಹರಾಜು ಕೂಗೋದಕ್ಕೆ) ಮುಂಚೆಯೇ ತಡೆದವರು ಯಾರಾದರೂ ಇದ್ದೀರಾ? ಆ ಚೈನಿನಲ್ಲಿ ‘ಕಂಪ್ಲೀಟ್’ 0 (ದಾಖಲೆ ಅಪೂರ್ಣ) ಇದ್ದರೆ ಮೊದಲ ಕೊಂಡಿಗಳೇ ಸಿಗಲ್ಲ. ಅಂಥ ಬಿಡ್‌ಗಳನ್ನು ಪೂರ್ತಿ ಬಿಟ್ಟರೆ ರೀಚ್ (ಜಾಹೀರಾತು ತಲುಪೋ ಜನ) ಎಷ್ಟು ಬೀಳುತ್ತೆ? ಸ್ಕ್ರೀನ್‌ಶಾಟ್, ಸಮಯ, ಕ್ಲಿಕ್ ಯುಆರ್‌ಎಲ್ ಎಲ್ಲ ತೆಗೆದಿಟ್ಟಿದ್ದೇವೆ.