ಗ್ಯಾರೇಜಿನ ‘ಜಾಬ್ ಪ್ರಾಫಿಟ್’: ಉಳಿಯುವುದೋ, ಗಿಟ್ಟುವುದೋ?

ಬಳಗದವರಿಗೆ ನಮಸ್ಕಾರ.

ಕಾರು ರಿಪೇರಿ ಗ್ಯಾರೇಜುಗಳಿಗೆ ಮಾಡಿದ ಒಂದು ಸಾಫ್ಟ್‌ವೇರಿಗೆ ಕನ್ನಡದ ಪುಟಗಳನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಪದಗಳಿಗೆ ತಕರಾರಿಲ್ಲ. ಜಾಬ್ ಕಾರ್ಡ್ (ಒಂದು ಗಾಡಿಯ ಕೆಲಸ, ಖರ್ಚು ಬರೆದಿಡುವ ಹಾಳೆ), ಎಸ್ಟಿಮೇಟ್, ಲೇಬರ್, ಸ್ಪೇರ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಗ್ಯಾರೇಜಿನಲ್ಲಿ ಅವು ಯಾವತ್ತೋ ಕನ್ನಡವಾಗಿವೆ. ತೊಡಕು ಬಂದಿರುವುದು ‘ಜಾಬ್ ಪ್ರಾಫಿಟಬಿಲಿಟಿ’ ಅನ್ನುವ ಪುಟದಲ್ಲಿ. ನನ್ನ ಕೈಗೆ ಬಂದ ಕರಡಿನಲ್ಲಿ ಅದು ‘ಉದ್ಯೋಗ ಲಾಭದಾಯಕತೆ’ ಆಗಿತ್ತು. ಓದಿದವರು ಯಾವುದೋ ಸರ್ಕಾರಿ ಯೋಜನೆ ಅಂದುಕೊಂಡಾರು! ‘ಉದ್ಯೋಗ’ ತೆಗೆದು ‘ಕೆಲಸ’ ಹಾಕಿದೆ. ‘ಲಾಭ’ದ ಹತ್ತಿರ ನಿಂತಿದ್ದೇನೆ.

ಆ ಪುಟ ಏನು ಲೆಕ್ಕ ಹಾಕುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಕ್ಲಚ್ ಬದಲಿಸಿದ ಒಂದು ಗಾಡಿ ಅಂತಿಟ್ಟುಕೊಳ್ಳಿ. ಅಂಕಿಗಳು ಸುಮ್ನೆ ಉದಾಹರಣೆಗೆ. ಕ್ಲಚ್ ಸೆಟ್ಟಿಗೆ 6,500, ಲೇಬರ್ 2,500, ಹೊರಗೆ ಮಾಡಿಸಿದ ಲೇತ್ ಕೆಲಸಕ್ಕೆ 600. ಜಿಎಸ್‌ಟಿ ಬಿಟ್ಟು ಬಿಲ್ಲು 9,600 ರೂಪಾಯಿ. ಗ್ಯಾರೇಜಿಗೆ ಬಿದ್ದ ಖರ್ಚು: ಸೆಟ್ಟಿಗೆ 5,200, ಲೇತಿನವರಿಗೆ 500, ಮೆಕ್ಯಾನಿಕ್ಕಿನ ಐದು ಗಂಟೆಗೆ 750. ಒಟ್ಟು 6,450. ಮಿಕ್ಕಿದ್ದು 3,150. ಇಂಗ್ಲಿಷಿನಲ್ಲಿ ಇದೇ ಆ ಕೆಲಸದ ಪ್ರಾಫಿಟ್. ಗ್ರಾಹಕ ಕೊಡುವ 18% ಜಿಎಸ್‌ಟಿ, ಅಂದರೆ 1,728 ರೂಪಾಯಿ, ಇದರೊಳಗೆ ಬರಬಾರದು. ಅದು ಸರ್ಕಾರದ ದುಡ್ಡು.

ಆದರೆ ಈ 3,150ನ್ನು ಯಾವ ಗ್ಯಾರೇಜ್ ಮಾಲೀಕರೂ ಲಾಭ ಅನ್ನುವುದಿಲ್ಲ. ಬಾಡಿಗೆ, ಕರೆಂಟ್ ಬಿಲ್, ಲಿಫ್ಟಿನ ಕಂತು ಎಲ್ಲ ಕಳೆದು ತಿಂಗಳ ಕೊನೆಗೆ ಕಂಡರೆ ಅದು ಲಾಭ. ಒಂದೊಂದು ಗಾಡಿಯ ಬಗ್ಗೆ ಅವರು ಕೇಳುವುದೇ ಬೇರೆ: ‘ಈ ಗಾಡೀಲಿ ಏನ್ ಉಳೀತು?’ ಹಾಗಾಗಿ ಈ ಕಾಲಮ್ಮಿಗೆ ‘ಉಳಿದದ್ದು’ ಅಂತ ಬರೆಯೋಣ ಅನಿಸಿದೆ. ‘ಉಳಿತಾಯ’ ಬೇಡ. ಅದು ಬ್ಯಾಂಕಿನ ಕಡೆ ಎಳೆಯುತ್ತದೆ.

ನಿಜವಾದ ಪ್ರಶ್ನೆ ಪಕ್ಕದ ಕಾಲಮ್ಮಿನದು. ಅಲ್ಲಿ ಉಳಿದ ದುಡ್ಡನ್ನು ಕೆಲಸ ಹಿಡಿದ ಗಂಟೆಗಳಿಂದ ಭಾಗಿಸಿ ತೋರಿಸುತ್ತಾರೆ. ಆಯಿಲ್ ಸರ್ವಿಸಿನಲ್ಲಿ 600 ಉಳಿಯಿತು, ಒಂದು ಗಂಟೆ ಹಿಡಿಯಿತು. ವೈರಿಂಗ್ ತೊಂದರೆ ಹುಡುಕುವ ಕೆಲಸದಲ್ಲಿ 2,000 ಉಳಿಯಿತು, ಆದರೆ ಹತ್ತು ಗಂಟೆ ಹೋಯಿತು, ಗಾಡಿ ಮೂರು ದಿನ ಜಾಗ ಹಿಡಿದು ನಿಂತಿತ್ತು. ಎರಡನೆಯದರಲ್ಲಿ ದುಡ್ಡು ಜಾಸ್ತಿ ಉಳಿಯಿತು, ಆದರೂ ಗಿಟ್ಟಲಿಲ್ಲ. ಉಳಿಯುವುದಕ್ಕೂ ಗಿಟ್ಟುವುದಕ್ಕೂ ಇರುವ ಈ ಅಂತರ ಕನ್ನಡದ ಮಾತಿನಲ್ಲಿ ಎಷ್ಟು ಸಲೀಸಾಗಿ ಇದೆ, ಅಲ್ವಾ?

ಕ್ರಿಯಾಪದ ಸಿಕ್ಕಿತು, ನಾಮಪದ ಸಿಗುತ್ತಿಲ್ಲ. ‘ಗಿಟ್ಟುವಿಕೆ’ ಅಂದರೆ ವ್ಯಾಕರಣಕ್ಕೆ ಸರಿ, ಬಾಯಿಗೆ ಒಗ್ಗುವುದಿಲ್ಲ. ತೆಲುಗಿನವರಿಗೆ ‘ಗಿಟ್ಟುಬಾಟು’ ಇದೆ, ರೈತರ ಬೆಳೆಗೆ ‘ಗಿಟ್ಟುಬಾಟು ಧರ’ ಅನ್ನುತ್ತಾರೆ. ಗಡಿ ಕಡೆಯ ಕನ್ನಡದಲ್ಲಿ ಇದು ಬಳಕೆಯಲ್ಲಿದೆಯೇ? ಇನ್ನೊಂದು ಅನುಮಾನ: ಪತ್ರಿಕೆಗಳಲ್ಲಿ ಟಿಕೆಟ್ ಗಿಟ್ಟಿಸಿದರು, ಪ್ರಚಾರ ಗಿಟ್ಟಿಸಿದರು ಅಂತ ಓದಿ ಓದಿ, ಈ ಪದಕ್ಕೆ ‘ಹೇಗೋ ದಕ್ಕಿಸಿಕೊಳ್ಳುವುದು’ ಅನ್ನುವ ಅರ್ಥವೇ ಮೇಲಾಗಿದೆಯೇ? ಬೆಂಗಳೂರಿನ ಹುಡುಗರು ‘ವರ್ಕೌಟ್ ಆಗಲ್ಲ’ ಅಂದುಬಿಡುತ್ತಾರೆ. ಹುಬ್ಬಳ್ಳಿ, ಬೆಳಗಾವಿ ಕಡೆ ಮರಾಠಿಯಿಂದ ಬಂದ ‘ಪರವಡಿಸು’ ಇದೆ. ಕರಾವಳಿಯವರು ಏನನ್ನುತ್ತೀರಿ?

ಇದರ ಜೊತೆಗೆ ‘ಮಾರ್ಜಿನ್’ ತಲೆನೋವು. 1,000ಕ್ಕೆ ತಂದ ಸ್ಪೇರನ್ನು 1,250ಕ್ಕೆ ಮಾರಿದರೆ ಅಸಲಿನ ಮೇಲೆ 25%, ಮಾರಿದ ಬೆಲೆಯಲ್ಲಿ 20%. ಇಂಗ್ಲಿಷಿನಲ್ಲಿ ಮೊದಲನೆಯದು ಮಾರ್ಕಪ್, ಎರಡನೆಯದು ಮಾರ್ಜಿನ್. ಅಂಗಡಿ ಮಾತಿನಲ್ಲಿ ಎರಡೂ ಮಾರ್ಜಿನ್ನೇ. ಮಾಲೀಕರು ಅಸಲಿನ ಮೇಲೆ ಅಂದುಕೊಂಡು 30 ಹಾಕಿದರೆ 1,300 ಬರಬೇಕಾದ ಕಡೆ ಸಾಫ್ಟ್‌ವೇರ್ ಅದನ್ನು ಮಾರಿದ ಬೆಲೆಯಲ್ಲಿ 30% ಅಂತ ಹಿಡಿದು 1,429 ತೋರಿಸುತ್ತದೆ. ಗ್ರಾಹಕ ಜಗಳಕ್ಕೆ ಬರುತ್ತಾನೆ. ಅದಕ್ಕೆ ‘ಅಸಲಿನ ಮೇಲೆ’, ‘ಮಾರಿದ ಬೆಲೆಯಲ್ಲಿ’ ಅಂತ ಬಿಡಿಸಿಯೇ ಬರೆದಿದ್ದೇನೆ. ಸಾಲದ ಮಾತಿನಲ್ಲಿ ಅಸಲು ಅಂದರೆ ಬಡ್ಡಿ ಸೇರದ ಮೊತ್ತ. ‘ಅಸಲಿಗೇ ಕೊಡ್ತಿದೀನಿ’ ಅನ್ನುವ ಅಂಗಡಿಯವರ ಅರ್ಥ ಎಲ್ಲ ಜಿಲ್ಲೆಗಳಲ್ಲೂ ತಿಳಿಯುತ್ತದೆ ಅಂತ ನನ್ನ ನಂಬಿಕೆ. ಇಲ್ಲವಾದರೆ ‘ಕೊಂಡ ಬೆಲೆ’ ಹಾಕುತ್ತೇನೆ.

ಅದೇ ದೂರು ಹೊತ್ತು ಗಾಡಿ ವಾಪಸ್ ಬಂದರೆ ಡೀಲರ್ ವರ್ಕ್‌ಶಾಪುಗಳಲ್ಲಿ ‘ರಿಪೀಟ್ ಜಾಬ್’ ಅನ್ನುತ್ತಾರೆ. ಅದರ ಖರ್ಚನ್ನು ಹಳೆಯ ಜಾಬ್ ಕಾರ್ಡಿಗೇ ಸೇರಿಸದಿದ್ದರೆ ಮೊದಲ ಕೆಲಸ ಸುಳ್ಳೇ ಗಿಟ್ಟಿದಂತೆ ಕಾಣುತ್ತದೆ. ‘ಮರುಕೆಲಸ’ ಅಂತ ಹಾಕಿದ್ದೇನೆ, ಒಪ್ಪಿಗೆಯೇ?

ಎರಡನೇ ಕಾಲಮ್ಮಿಗೆ ಸದ್ಯಕ್ಕೆ ‘ಗಂಟೆಗೆ ಗಿಟ್ಟಿದ್ದು’ ಅಂತಿದೆ. ಪರದೆಯಲ್ಲಿ ಅದಕ್ಕಿಂತ ಉದ್ದದ್ದು ಹಿಡಿಸುವುದಿಲ್ಲ. ಗ್ಯಾರೇಜ್ ನಡೆಸುವವರು ನಿಮ್ಮ ಮನೆಯಲ್ಲೋ ಊರಲ್ಲೋ ಇದ್ದರೆ ಒಂದು ಮಾತು ಕೇಳಿ ಬರೆಯಿರಿ.